ನವೆಂಬರ್ 17: ಗ್ರೀಸ್‌ನ ಒಂದೇ ದಿನಕ್ಕೆ ಎಷ್ಟು ಜನ ವಾರಸುದಾರರು?

ಪ್ರತಿ ವರ್ಷ ನವೆಂಬರ್ ಮಧ್ಯಕ್ಕೆ ಅಥೆನ್ಸ್‌ನಿಂದ ಒಂದೇ ಥರದ ಸುದ್ದಿ ಬರುತ್ತದೆ. ಶಾಲೆಗಳಿಗೆ ರಜೆ. ನಗರದ ನಡುವಿನ ಮೆಟ್ರೊ ನಿಲ್ದಾಣಗಳು ಬಂದ್. ರಸ್ತೆಯಲ್ಲಿ ಸುಮಾರು ಐದು ಸಾವಿರ ಪೊಲೀಸರು, ಮೇಲೆ ಡ್ರೋನ್. ಪಾಲಿಟೆಕ್ನಿಕ್‌ನ ಅಂಗಳದಲ್ಲಿ ಕೆಂಪು ಕಾರ್ನೇಶನ್ ಹೂ ಹಿಡಿದು ನಿಂತ ಜನರ ಸಾಲು. ಸಂಜೆಯಾದರೆ ಸಾವಿರಾರು ಮಂದಿ ಅಮೆರಿಕದ ರಾಯಭಾರ ಕಚೇರಿಯ ಕಡೆ ಮೆರವಣಿಗೆ ಹೊರಡುತ್ತಾರೆ.

1973ರ ಈ ದಿನ, ಸೇನಾಡಳಿತದ ವಿರುದ್ಧ ಅಥೆನ್ಸ್ ಪಾಲಿಟೆಕ್ನಿಕ್‌ನಲ್ಲಿ ಎದ್ದ ವಿದ್ಯಾರ್ಥಿಗಳ ದಂಗೆಯನ್ನು ಟ್ಯಾಂಕ್ ನುಗ್ಗಿಸಿ ಹತ್ತಿಕ್ಕಿದರು. ಹೊರಗಿನಿಂದ ನೋಡುವವರಿಗೆ ಇವತ್ತಿನ ಆಚರಣೆ ಗೊಂದಲ. ಪ್ರಜಾಪ್ರಭುತ್ವ ಗೆದ್ದ ದಿನ ಎಂದು ಸರ್ಕಾರವೇ ಶಾಲೆಗಳಲ್ಲಿ ಆಚರಿಸುತ್ತದೆ. ಹಾಗಿದ್ದ ಮೇಲೆ ಅದೇ ದಿನ ಅಷ್ಟೊಂದು ಪೊಲೀಸರು ಯಾಕೆ? ಗ್ರೀಸ್‌ನ ಒಳಗಿನ ದಂಗೆಯ ನೆನಪಿಗೆ ಅಮೆರಿಕದ ಬಾಗಿಲಿಗೆ ಯಾಕೆ ಹೋಗಬೇಕು? ದಶಕಗಳ ಕಾಲ ಜನರನ್ನು ಕೊಂದ ಭಯೋತ್ಪಾದಕ ಗುಂಪಿಗೂ ‘ನವೆಂಬರ್ 17’ ಎಂದೇ ಹೆಸರು ಯಾಕಿತ್ತು?

ಗ್ರೀಸ್‌ಗೆ ಬೇರೆ ದೊಡ್ಡ ದಿನಗಳೂ ಇವೆ. ಮಾರ್ಚ್ 25, ಅಂದರೆ 1821ರ ಸ್ವಾತಂತ್ರ್ಯ ಸಂಗ್ರಾಮದ ದಿನ. ಅಕ್ಟೋಬರ್ 28, ಅಂದರೆ 1940ರಲ್ಲಿ ಮುಸ್ಸೊಲಿನಿಯ ಬೇಡಿಕೆಯನ್ನು ತಿರಸ್ಕರಿಸಿದ ದಿನ. ಅವೆರಡರಲ್ಲೂ ಪಥಸಂಚಲನ ನಡೆಯುತ್ತದೆ, ಜಗಳ ಕಡಿಮೆ. ಅಲ್ಲಿ ಎದುರಾಳಿ ಹೊರಗಿನವನು. ನವೆಂಬರ್ 17ರಂದು ಬಂದೂಕು ಹಿಡಿದವರೂ ಗುಂಡು ತಿಂದವರೂ ಹೆಚ್ಚುಕಡಿಮೆ ಎಲ್ಲರೂ ಗ್ರೀಕರೇ. ಈ ದಿನ ಇವತ್ತಿಗೂ ತಣ್ಣಗಾಗದಿರುವುದಕ್ಕೆ ಮೊದಲ ಕಾರಣ ಇದು.

ಕರ್ನಲ್‌ಗಳ ಆರು ವರ್ಷ

1967ರ ಏಪ್ರಿಲ್ 21ರ ಬೆಳಗಿನ ಜಾವ ಸೇನೆಯ ಕೆಲವು ಅಧಿಕಾರಿಗಳು ಅಧಿಕಾರ ಕಿತ್ತುಕೊಂಡರು. ಮುಂದಾಳು ಕರ್ನಲ್ ಯೋರ್ಗೊಸ್ ಪಾಪಡೊಪೌಲೊಸ್. ಜೊತೆಗೆ ಸ್ಟಿಲಿಯಾನೊಸ್ ಪಟ್ಟಕೊಸ್ ಮತ್ತು ನಿಕೊಲಾವೊಸ್ ಮಕರೆಜೊಸ್. ಕೆಲವೇ ವಾರಗಳಲ್ಲಿ ಚುನಾವಣೆ ನಡೆಯಬೇಕಿತ್ತು. ಕಮ್ಯುನಿಸ್ಟರು ದೇಶ ಹಿಡಿಯಲಿದ್ದರು, ನಾವು ತಡೆದೆವು ಎಂಬುದು ಇವರ ಸಮರ್ಥನೆ. ಆ ವರ್ಷ ಡಿಸೆಂಬರ್‌ನಲ್ಲಿ ರಾಜ ಕಾನ್‌ಸ್ಟಂಟೈನ್ ತಿರುಗಿ ಬೀಳಲು ನೋಡಿ, ಸೋತು, ರೋಮ್‌ಗೆ ಓಡಿಹೋದ.

ಮುಂದೆ ನಡೆದದ್ದು ಎಲ್ಲ ಸರ್ವಾಧಿಕಾರಗಳಲ್ಲೂ ನಡೆಯುವಂಥದ್ದೇ: ಸೆನ್ಸಾರ್, ಪಕ್ಷಗಳ ನಿಷೇಧ, ವಿರೋಧಿಗಳಿಗೆ ಯಾರೋಸ್, ಲೆರೋಸ್‌ನಂಥ ದ್ವೀಪಗಳಲ್ಲಿ ಗಡೀಪಾರು. ಮಿಲಿಟರಿ ಪೊಲೀಸರ ವಿಚಾರಣಾ ಕೇಂದ್ರದ ಚಿತ್ರಹಿಂಸೆ ಯೂರೋಪಿನಲ್ಲೆಲ್ಲ ಸುದ್ದಿಯಾಯಿತು. 1969ರ ಡಿಸೆಂಬರ್‌ನಲ್ಲಿ ಯೂರೋಪ್ ಪರಿಷತ್ತು ಹೊರಹಾಕುವ ಮೊದಲೇ ಗ್ರೀಸ್ ತಾನಾಗಿ ಅಲ್ಲಿಂದ ಹೊರನಡೆಯಿತು.

1973ರ ಹೊತ್ತಿಗೆ ಪಾಪಡೊಪೌಲೊಸ್‌ಗೆ ತನ್ನ ಆಡಳಿತಕ್ಕೊಂದು ಒಪ್ಪುವ ಮುಖ ಬೇಕಾಗಿತ್ತು. ರಾಜಪ್ರಭುತ್ವ ರದ್ದು ಮಾಡಿದ. ತಾನೊಬ್ಬನೇ ಅಭ್ಯರ್ಥಿಯಾಗಿದ್ದ ಜನಮತಗಣನೆಯಲ್ಲಿ ಅಧ್ಯಕ್ಷನಾದ. ರಾಜಕೀಯ ಕೈದಿಗಳನ್ನು ಬಿಡುಗಡೆ ಮಾಡಿದ. ಅಕ್ಟೋಬರ್‌ನಲ್ಲಿ ಹಳೆಯ ರಾಜಕಾರಣಿ ಸ್ಪಿರೊಸ್ ಮರ್ಕೆಜಿನಿಸ್‌ನನ್ನು ಪ್ರಧಾನಿ ಮಾಡಿ, ಚುನಾವಣೆಯ ಮಾತು ಆಡಿಸಿದ. ಈ ವಿವರ ನೆನಪಿರಲಿ. ನಲವತ್ತು ಐವತ್ತು ವರ್ಷಗಳ ನಂತರದ ಜಗಳವೊಂದು ಇಲ್ಲಿಂದಲೇ ಹುಟ್ಟುತ್ತದೆ.

ಮೂರು ದಿನ, ಒಂದು ರೇಡಿಯೊ

ವಿದ್ಯಾರ್ಥಿಗಳ ಸಿಟ್ಟು ಆ ವರ್ಷದ ಆರಂಭದಿಂದಲೇ ಕುದಿಯುತ್ತಿತ್ತು. ಪ್ರತಿಭಟಿಸಿದವರನ್ನು ಕಾಲೇಜಿನಿಂದ ಎಳೆದು ಸೇನೆಗೆ ಸೇರಿಸುವ ಕಾನೂನು ಬಂದಿತ್ತು. ಫೆಬ್ರುವರಿಯಲ್ಲಿ ಅಥೆನ್ಸ್ ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಕಟ್ಟಡ ಹಿಡಿದು ಕೂತರು. ನವೆಂಬರ್ 14ರಂದು ಪಾಟಿಸಿಯೊನ್ ಬೀದಿಯ ಪಾಲಿಟೆಕ್ನಿಕ್‌ಗೆ ಸರದಿ ಬಂತು. ಇದು ನಮ್ಮಲ್ಲಿಯಂತೆ ಡಿಪ್ಲೊಮಾ ಕಾಲೇಜಲ್ಲ. ದೇಶದ ಅತಿ ಹಳೆಯ ಎಂಜಿನಿಯರಿಂಗ್ ವಿಶ್ವವಿದ್ಯಾಲಯ, ನಗರದ ಎದೆಯ ಮೇಲೇ ಇದೆ.

ಮೊದಲು ಕೇಳಿದ್ದು ವಿದ್ಯಾರ್ಥಿ ಸಂಘಗಳಿಗೆ ಸ್ವತಂತ್ರ ಚುನಾವಣೆ. ಒಂದೆರಡು ದಿನದಲ್ಲಿ ಬೇಡಿಕೆ ‘ಅನ್ನ, ಶಿಕ್ಷಣ, ಸ್ವಾತಂತ್ರ್ಯ’ ಎಂದಾಯಿತು. ಕಟ್ಟಡ ಕೆಲಸಗಾರರು ಬಂದರು, ಶಾಲೆಯ ಹುಡುಗರು ಬಂದರು, ಮೆಗರಾ ಊರಿನಿಂದ ಭೂಮಿ ಕಳೆದುಕೊಳ್ಳಲಿದ್ದ ರೈತರು ಬಂದರು. ಪ್ರಯೋಗಾಲಯದಲ್ಲಿದ್ದ ಸಾಮಾನಿನಲ್ಲೇ ವಿದ್ಯಾರ್ಥಿಗಳು ಒಂದು ಟ್ರಾನ್ಸ್‌ಮಿಟರ್ ಕಟ್ಟಿದರು. ‘ಇದು ಪಾಲಿಟೆಕ್ನಿಕ್’ ಎಂದು ಶುರುವಾಗುತ್ತಿದ್ದ ಆ ಪ್ರಸಾರ ಅಥೆನ್ಸ್‌ನ ಮನೆಮನೆಗೆ ಮುಟ್ಟಿತು. ಅದರ ದನಿಗಳಲ್ಲಿ ಒಬ್ಬಳು ಮರಿಯಾ ದಮನಾಕಿ. ಮುಂದೆ ಆಕೆ ಯೂರೋಪಿಯನ್ ಒಕ್ಕೂಟದ ಮೀನುಗಾರಿಕೆ ಆಯುಕ್ತೆಯಾದರು.

ಸೆನ್ಸಾರ್ ಇದ್ದ ದೇಶದಲ್ಲಿ ಈ ರೇಡಿಯೊ ಟ್ಯಾಂಕಿಗಿಂತ ಜಾಸ್ತಿ ಹೆದರಿಸುವ ವಸ್ತು. ವಿದ್ಯಾರ್ಥಿಗಳು ಸುಮ್ನೆ ಒಳಗೆ ಕೂತಿದ್ದರೆ ಸರ್ಕಾರ ಕಾಯುತ್ತಿತ್ತೇನೋ. ಊರೆಲ್ಲ ಕೇಳಿಸಿಕೊಳ್ಳತೊಡಗಿದ ಮೇಲೆ ಕಾಯುವಂತಿರಲಿಲ್ಲ. ನವೆಂಬರ್ 17ರ ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ಟ್ಯಾಂಕೊಂದು ಮುಖ್ಯ ಗೇಟನ್ನು ಕೆಡವಿ ಒಳನುಗ್ಗಿತು. ಗೇಟಿನ ಹಿಂದಿದ್ದ ವಿದ್ಯಾರ್ಥಿನಿಯೊಬ್ಬಳ ಕಾಲುಗಳು ಜಜ್ಜಿಹೋದವು. ಎದುರಿನ ಕಟ್ಟಡದಿಂದ ಡಚ್ ವರದಿಗಾರರೊಬ್ಬರು ಆ ದೃಶ್ಯವನ್ನು ಚಿತ್ರೀಕರಿಸಿದರು. ಆ ಕೆಲವು ಕ್ಷಣಗಳನ್ನು ಜಗತ್ತೆಲ್ಲ ನೋಡಿತು.

ಸತ್ತವರ ಲೆಕ್ಕ

“ಪಾಲಿಟೆಕ್ನಿಕ್‌ನಲ್ಲಿ ಒಬ್ಬರೂ ಸಾಯಲಿಲ್ಲ” ಎಂಬ ಮಾತು ಗ್ರೀಸ್‌ನ ಬಲಪಂಥೀಯ ವಲಯಗಳಲ್ಲಿ ಇವತ್ತಿಗೂ ಕೇಳುತ್ತದೆ. ಈ ಮಾತು ಹೇಗೆ ನಿಲ್ಲುತ್ತದೆ ಎಂದು ನೋಡಬೇಕು. ಆವರಣದ ಗೋಡೆಯ ಒಳಗೆ ಯಾರಾದರೂ ಸತ್ತದ್ದಕ್ಕೆ ಖಚಿತ ದಾಖಲೆ ಇಲ್ಲ. ಅಷ್ಟನ್ನು ಹಿಡಿದುಕೊಂಡು, ಹೊರಗಿನ ಬೀದಿಗಳನ್ನು ಬಿಟ್ಟುಬಿಡುತ್ತಾರೆ.

ಕೊಲೆಗಳು ನಡೆದದ್ದೇ ಆ ಬೀದಿಗಳಲ್ಲಿ. ಹದಿನಾರರ ಸಂಜೆಯಿಂದ ಮುಂದಿನ ಎರಡು ಮೂರು ದಿನ ಪೊಲೀಸರೂ ಸೈನಿಕರೂ ಜನರ ಮೇಲೆ ಗುಂಡು ಹಾರಿಸಿದರು. ಹತ್ತಿರದ ಸಾರ್ವಜನಿಕ ಸುವ್ಯವಸ್ಥೆ ಸಚಿವಾಲಯದ ಕಟ್ಟಡದಿಂದಲೂ ಗುಂಡು ಬಂದವು. ಗ್ರೀಸ್‌ನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಇತಿಹಾಸಕಾರ ಲಿಯೊನಿಡಾಸ್ ಕಲ್ಲಿವ್ರೆಟಾಕಿಸ್ ವರ್ಷಗಳ ಕಾಲ ಕಡತ ಹುಡುಕಿ, 24 ಮಂದಿಯ ಸಾವನ್ನು ಹೆಸರು ಸಮೇತ ದಾಖಲಿಸಿದ್ದಾರೆ. ಅದರಲ್ಲಿ ಐದು ವರ್ಷದ ಹುಡುಗನಿದ್ದಾನೆ. ನಾರ್ವೆಯಿಂದ ಬಂದಿದ್ದ ಯುವತಿ ಇದ್ದಾಳೆ. ಗಾಯಗೊಂಡವರು ಸಾವಿರಕ್ಕೂ ಹೆಚ್ಚು.

ಒಂದು ಪ್ರಕರಣವಂತೂ ನ್ಯಾಯಾಲಯದಲ್ಲೇ ಸಾಬೀತಾಗಿದೆ. ನಿಕೊಲಾವೊಸ್ ಡೆರ್ಟಿಲಿಸ್ ಎಂಬ ಸೇನಾಧಿಕಾರಿ ಪಾಲಿಟೆಕ್ನಿಕ್ ಹತ್ತಿರ ಒಬ್ಬ ಯುವಕನನ್ನು ಪಿಸ್ತೂಲಿನಿಂದ ಕೊಂದ. ಅವನ ಜೀಪು ಓಡಿಸುತ್ತಿದ್ದ ಸೈನಿಕನೇ ಸಾಕ್ಷಿ ಹೇಳಿದ. ಜೀವಾವಧಿ ಶಿಕ್ಷೆಯಾಯಿತು. ಡೆರ್ಟಿಲಿಸ್ ಕ್ಷಮೆ ಕೇಳದೆ, 2013ರಲ್ಲಿ ಕೈದಿಯಾಗಿಯೇ ಸತ್ತ. ಇಷ್ಟೆಲ್ಲ ದಾಖಲೆ ಇರುವಾಗ “ಯಾರೂ ಸಾಯಲಿಲ್ಲ” ಎನ್ನುವುದನ್ನು ಅಭಿಪ್ರಾಯಭೇದ ಎಂದು ಕರೆಯಲಾಗದು. ಅದು ಸುಳ್ಳು.

ಈ ಸುಳ್ಳು ಬದುಕಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ದಂಗೆಯಾದ ಹೊಸದರಲ್ಲಿ ಸತ್ತವರು ನೂರಾರು ಎಂಬ ಸುದ್ದಿ ಹಬ್ಬಿತ್ತು. ಆ ದೊಡ್ಡ ಸಂಖ್ಯೆಗೆ ಆಧಾರ ಸಿಗಲಿಲ್ಲ. ಅದು ಕುಸಿದಾಗ ಇಡೀ ಕತೆಯೇ ಕಟ್ಟುಕತೆ ಎಂದು ಹೇಳಲು ವಿರೋಧಿಗಳಿಗೆ ಸಲೀಸಾಯಿತು. ಸಾವಿನ ಲೆಕ್ಕದಲ್ಲಿ ಉತ್ಪ್ರೇಕ್ಷೆ ಮಾಡಿದರೆ ಕೊನೆಗೆ ಪೆಟ್ಟು ಬೀಳುವುದು ಸತ್ತವರ ನೆನಪಿಗೇ ಅಲ್ವಾ?

ದಂಗೆಯಿಂದ ಸೇನಾಡಳಿತ ಬಿತ್ತೇ?

ಶಾಲೆಯ ಆಚರಣೆಗಳಲ್ಲಿ ಕತೆ ನೇರವಾಗಿದೆ: ವಿದ್ಯಾರ್ಥಿಗಳು ಎದ್ದರು, ಸರ್ವಾಧಿಕಾರ ಬಿತ್ತು. ಇತಿಹಾಸದ ದಾರಿ ಇಷ್ಟು ನೇರವಾಗಿರಲಿಲ್ಲ.

ದಂಗೆಯಾದ ಎಂಟೇ ದಿನಕ್ಕೆ, ನವೆಂಬರ್ 25ರಂದು, ಪಾಪಡೊಪೌಲೊಸ್ ಕೆಳಗಿಳಿದ. ಇಳಿಸಿದ್ದು ಜನರಲ್ಲ, ಮಿಲಿಟರಿ ಪೊಲೀಸರ ಮುಖ್ಯಸ್ಥ ಡಿಮಿಟ್ರಿಯೊಸ್ ಇವೊನ್ನಿಡಿಸ್. ಅವನಿಗೆ ಪಾಪಡೊಪೌಲೊಸ್‌ನ ಸಡಿಲಿಕೆ ಸುತರಾಂ ಇಷ್ಟವಿರಲಿಲ್ಲ. ವಿದ್ಯಾರ್ಥಿಗಳ ದಂಗೆ “ಸಡಿಲ ಬಿಟ್ಟರೆ ಹೀಗಾಗುತ್ತದೆ” ಎಂದು ತೋರಿಸಲು ಅವನ ಕೈಗೆ ಸಿಕ್ಕ ನೆಪವಾಯಿತು. ಅಂದರೆ ದಂಗೆಯ ತಕ್ಷಣದ ಫಲ ಇನ್ನೂ ಕಠಿಣವಾದ ಸರ್ವಾಧಿಕಾರ.

ಆ ಕಠಿಣ ಸರ್ವಾಧಿಕಾರ ಎಂಟು ತಿಂಗಳಲ್ಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. 1974ರ ಜುಲೈ 15ರಂದು ಇವೊನ್ನಿಡಿಸ್‌ನ ಬೆಂಬಲದಿಂದ ಸೈಪ್ರಸ್‌ನಲ್ಲಿ ಅಧ್ಯಕ್ಷ ಮಕಾರಿಯೊಸ್ ವಿರುದ್ಧ ಸೇನಾ ದಂಗೆ ನಡೆಯಿತು. ಸೈಪ್ರಸ್ ಅನ್ನು ಗ್ರೀಸ್‌ಗೆ ಸೇರಿಸುವುದು ಗುರಿ. ಐದು ದಿನಕ್ಕೆ, ಜುಲೈ 20ರಂದು, ಟರ್ಕಿ ಸೈಪ್ರಸ್‌ಗೆ ಸೇನೆ ಇಳಿಸಿತು. ಅಥೆನ್ಸ್ ಯುದ್ಧ ಸಿದ್ಧತೆಗೆ ಆದೇಶ ಕೊಟ್ಟಾಗ ಸೇನೆ ಎಷ್ಟು ಅಸ್ತವ್ಯಸ್ತವಾಗಿದೆ ಎಂಬುದು ಬಯಲಾಯಿತು. ಹಿರಿಯ ಸೇನಾಧಿಕಾರಿಗಳೇ ಕೈಚೆಲ್ಲಿದರು. ಜುಲೈ 24ರ ನಸುಕಿನಲ್ಲಿ ಮಾಜಿ ಪ್ರಧಾನಿ ಕಾನ್‌ಸ್ಟಂಟಿನೊಸ್ ಕರಮನ್ಲಿಸ್ ಪ್ಯಾರಿಸ್‌ನಿಂದ ಹಿಂತಿರುಗಿ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಸೈಪ್ರಸ್ ಮಾತ್ರ ಇವತ್ತಿಗೂ ಎರಡು ತುಂಡು.

ಇಲ್ಲಿ ಎರಡು ವಾದಗಳು ಡಿಕ್ಕಿ ಹೊಡೆಯುತ್ತವೆ. ಮರ್ಕೆಜಿನಿಸ್‌ನ ಪ್ರಯೋಗ ಮುಂದುವರಿದಿದ್ದರೆ ಚುನಾವಣೆ ಆಗುತ್ತಿತ್ತು, ಇವೊನ್ನಿಡಿಸ್ ಬರುತ್ತಿರಲಿಲ್ಲ, ಸೈಪ್ರಸ್ ಉಳಿಯುತ್ತಿತ್ತು ಎಂದು ಬಲಪಂಥದ ಕೆಲವರು ಹೇಳುತ್ತಾರೆ. ಎಡಪಂಥದವರು ಆ ಪ್ರಯೋಗವೇ ಮೋಸ ಎನ್ನುತ್ತಾರೆ. 1973ರ ಸಂವಿಧಾನ ರಕ್ಷಣೆ, ವಿದೇಶಾಂಗ, ಆಂತರಿಕ ಭದ್ರತೆಯನ್ನೆಲ್ಲ ಪಾಪಡೊಪೌಲೊಸ್‌ನ ಕೈಯಲ್ಲೇ ಇಟ್ಟಿತ್ತು. ಅವನ ಅಧ್ಯಕ್ಷಾವಧಿ ಎಂಟು ವರ್ಷ.

ನನಗೆ ಎರಡನೆಯ ವಾದವೇ ಗಟ್ಟಿ ಎನಿಸುತ್ತದೆ. ಚುನಾವಣೆ ಕೊಡಲು ನಿಜವಾಗಿ ಸಿದ್ಧವಿದ್ದವನು ವಿದ್ಯಾರ್ಥಿ ಸಂಘದ ಚುನಾವಣೆ ಕೇಳಿದವರ ಮೇಲೆ ಟ್ಯಾಂಕ್ ಹತ್ತಿಸುವುದಿಲ್ಲ. ಆದರೆ ದಂಗೆ ಸೇನಾಡಳಿತವನ್ನು ಬೀಳಿಸಿತು ಎನ್ನುವುದೂ ಸರಿಯಲ್ಲ. ಅದು ಮಾಡಿದ್ದು ಬೇರೆ ಕೆಲಸ. ಸರ್ವಾಧಿಕಾರ ತಾನಾಗಿಯೇ ಸಜ್ಜನನಾಗಿ ಬದಲಾಗುತ್ತಿದೆ ಎಂಬ ನಾಟಕವನ್ನು ಅದು ನಿಲ್ಲಿಸಿತು. ಆಮೇಲೆ ಕರ್ನಲ್‌ಗಳ ಜೊತೆ ರಾಜಿ ಮಾಡಿಕೊಂಡು ಚುನಾವಣೆಗೆ ಹೋಗುವ ದಾರಿ ಯಾವ ರಾಜಕಾರಣಿಗೂ ಉಳಿಯಲಿಲ್ಲ.

ಮತಪೆಟ್ಟಿಗೆಗೂ ಅದೇ ದಿನ

ಹಿಂತಿರುಗಿದ ಕರಮನ್ಲಿಸ್ ಸೆಪ್ಟೆಂಬರ್‌ನಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ಕಾನೂನುಬದ್ಧಗೊಳಿಸಿದರು. 1940ರ ದಶಕದ ಅಂತರ್ಯುದ್ಧದ ಕಾಲದಿಂದ ಅದು ನಿಷೇಧದಲ್ಲಿತ್ತು. ನಂತರ ಚುನಾವಣೆಗೆ ದಿನ ಗೊತ್ತುಮಾಡಿದರು: 1974ರ ನವೆಂಬರ್ 17.

ಟ್ಯಾಂಕ್ ನುಗ್ಗಿದ ದಿನಕ್ಕೆ ಸರಿಯಾಗಿ ಒಂದು ವರ್ಷ. ಸರ್ವಾಧಿಕಾರ ಗುಂಡು ಹಾರಿಸಿದ ದಿನ ಜನ ಮತ ಹಾಕಲಿ ಎಂಬ ಅರ್ಥ ಯಾರಿಗಾದರೂ ಹೊಳೆಯುತ್ತದೆ. ಇನ್ನೊಂದು ಪರಿಣಾಮವೂ ಆಯಿತು. ಮತದಾನದ ದಿನವಾದ್ದರಿಂದ ಮೊದಲ ವರ್ಷದ ಸ್ಮರಣೆಯ ಮೆರವಣಿಗೆಯನ್ನು ಒಂದು ವಾರ ಮುಂದಕ್ಕೆ ಹಾಕಬೇಕಾಯಿತು. ಬೀದಿಯಲ್ಲಿ ಹುಟ್ಟಿದ ದಿನಾಂಕ ಸರ್ಕಾರದ ಕ್ಯಾಲೆಂಡರಿಗೂ ಬಂತು. ಕರಮನ್ಲಿಸ್‌ರ ನ್ಯೂ ಡೆಮಾಕ್ರಸಿ ಪಕ್ಷಕ್ಕೆ ಶೇ. 54ರಷ್ಟು ಮತ, 300ರಲ್ಲಿ 220 ಸ್ಥಾನ ಬಂದವು.

ಹೊಸ ಗಣರಾಜ್ಯ ಮರುವರ್ಷ ಕರ್ನಲ್‌ಗಳನ್ನು ಕಟಕಟೆಗೆ ತಂದಿತು. ಪಾಪಡೊಪೌಲೊಸ್, ಪಟ್ಟಕೊಸ್, ಮಕರೆಜೊಸ್‌ಗೆ ಮರಣದಂಡನೆಯಾಯಿತು, ನಂತರ ಅದು ಜೀವಾವಧಿಗೆ ಇಳಿಯಿತು. ಪಾಲಿಟೆಕ್ನಿಕ್ ಹತ್ಯೆಗಳಿಗೇ ಪ್ರತ್ಯೇಕ ವಿಚಾರಣೆ ನಡೆಯಿತು. ಸರ್ವಾಧಿಕಾರಿಗಳನ್ನು ಇಷ್ಟು ಬೇಗ, ಇಷ್ಟು ಬಹಿರಂಗವಾಗಿ ಶಿಕ್ಷಿಸಿದ ದೇಶಗಳು ಕಡಿಮೆ. ಆದರೂ ಮೇಲಿನವರಷ್ಟೇ ಸಿಕ್ಕಿಬಿದ್ದರು, ಪೊಲೀಸ್ ಠಾಣೆಗಳಲ್ಲಿ ಹೊಡೆದವರು ಹಾಗೇ ಕೆಲಸದಲ್ಲಿ ಮುಂದುವರಿದರು ಎಂಬ ಅಸಮಾಧಾನ ಉಳಿಯಿತು. ಮುಂದಿನ ರಕ್ತಪಾತ ಈ ಅಸಮಾಧಾನದ ಮೇಲೆ ಬೆಳೆಯಿತು.

ಹೆಸರು ಎತ್ತಿಕೊಂಡ ಗುಂಪು

1975ರ ಡಿಸೆಂಬರ್ 23ರಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಥೆನ್ಸ್ ಘಟಕದ ಮುಖ್ಯಸ್ಥ ರಿಚರ್ಡ್ ವೆಲ್ಚ್ ಕೊಲೆಯಾದರು. ಹೊಣೆ ಹೊತ್ತದ್ದು ‘ಕ್ರಾಂತಿಕಾರಿ ಸಂಘಟನೆ ನವೆಂಬರ್ 17’. ಒಂದು ವರ್ಷದ ನಂತರ ಅದೇ ಗುಂಪು, ಚಿತ್ರಹಿಂಸೆಗೆ ಕುಖ್ಯಾತನಾಗಿದ್ದ ಸರ್ವಾಧಿಕಾರದ ಕಾಲದ ಪೊಲೀಸ್ ಅಧಿಕಾರಿಯೊಬ್ಬನನ್ನು ಕೊಂದಿತು. ಹೀಗೆ ನ್ಯಾಯಾಲಯ ಮುಟ್ಟದವರನ್ನು ನಾವು ಮುಟ್ಟುತ್ತೇವೆ ಎಂಬ ಸಂದೇಶ ಹೋಯಿತು. ಶುರುವಿನಲ್ಲಿ ಈ ಗುಂಪಿನ ಬಗ್ಗೆ ಗ್ರೀಸ್‌ನಲ್ಲಿ ಒಳಗೊಳಗೇ ಇದ್ದ ಸಹಾನುಭೂತಿಗೆ ಇದೇ ಕಾರಣ.

ಆದರೆ ಗುರಿಗಳು ಬೆಳೆಯುತ್ತ ಹೋದವು. ಅಮೆರಿಕದ ಅಧಿಕಾರಿಗಳು, ಟರ್ಕಿಯ ರಾಜತಾಂತ್ರಿಕರು, ಉದ್ಯಮಿಗಳು, ಪತ್ರಿಕೆ ನಡೆಸುವವರು. ಒಟ್ಟು 23 ಕೊಲೆ. ಅದರಲ್ಲಿ ಒಂದು ಈ ಗುಂಪಿನ ನೈತಿಕ ಹಕ್ಕನ್ನೆಲ್ಲ ಕಳಚಿಹಾಕುತ್ತದೆ. 1989ರ ಸೆಪ್ಟೆಂಬರ್ 26ರಂದು ಸಂಸದ ಪಾವ್ಲೊಸ್ ಬಕೊಯಾನಿಸ್‌ರನ್ನು ಅವರ ಕಚೇರಿಯ ಕಟ್ಟಡದಲ್ಲೇ ಗುಂಡಿಟ್ಟು ಕೊಂದರು. ಸರ್ವಾಧಿಕಾರದ ಕಾಲದಲ್ಲಿ ಮ್ಯೂನಿಕ್‌ನ ಬವೇರಿಯನ್ ರೇಡಿಯೊದಿಂದ ಗ್ರೀಕ್ ಭಾಷೆಯಲ್ಲಿ ಕರ್ನಲ್‌ಗಳ ವಿರುದ್ಧ ಮಾತಾಡುತ್ತಿದ್ದ ದನಿ ಅವರದು. ಸೇನಾಡಳಿತವನ್ನು ಎದುರಿಸಿದವರನ್ನೇ ಆ ಹೋರಾಟದ ದಿನದ ಹೆಸರಿಟ್ಟುಕೊಂಡವರು ಕೊಂದರು.

ಬಕೊಯಾನಿಸ್ ಇಂದಿನ ಪ್ರಧಾನಿ ಕಿರಿಯಾಕೊಸ್ ಮಿತ್ಸೊಟಾಕಿಸ್‌ರ ಭಾವ, ಅಂದರೆ ಅಕ್ಕ ಡೋರಾ ಅವರ ಗಂಡ. ಬಕೊಯಾನಿಸ್‌ರ ಮಗ ಕೋಸ್ಟಾಸ್ 2019ರಿಂದ 2023ರವರೆಗೆ ಅಥೆನ್ಸ್‌ನ ಮೇಯರ್ ಆಗಿದ್ದರು. ಹಾಗಾಗಿ ಆಳುವ ಪಕ್ಷದ ದೊಡ್ಡ ಮನೆತನಕ್ಕೆ ಈ ದಿನಾಂಕದಲ್ಲಿ ತನ್ನದೇ ಮನೆಯ ಸಾವೂ ಬೆರೆತಿದೆ. ಎಡಪಕ್ಷದವರಿಗೆ ಕೇಳುವ ನವೆಂಬರ್ 17 ಬೇರೆ, ಆ ಮನೆಯವರಿಗೆ ಕೇಳುವುದು ಬೇರೆ.

2002ರ ಜೂನ್‌ನಲ್ಲಿ ಪಿರೇಯಸ್ ಬಂದರಿನಲ್ಲಿ ಬಾಂಬೊಂದು ಒಯ್ಯುತ್ತಿದ್ದವನ ಕೈಯಲ್ಲೇ ಸಿಡಿಯಿತು. ಅವನಿಂದ ಇಡೀ ಗುಂಪು ಬಯಲಾಯಿತು. ಮರುವರ್ಷ ಶಿಕ್ಷೆಯೂ ಆಯಿತು.

ಅಮೆರಿಕದ ಬಾಗಿಲಿಗೇ ಯಾಕೆ

1967ರ ಸೇನಾ ದಂಗೆಯನ್ನು ಅಮೆರಿಕವೇ ಮಾಡಿಸಿತು ಎಂದು ಬಹಳ ಗ್ರೀಕರು ನಂಬುತ್ತಾರೆ. ಅದಕ್ಕೆ ಪುರಾವೆ ಸಾಲದು. ಆದರೆ ಆ ಸೇನಾ ದಂಗೆಯ ನಂತರ ಅಮೆರಿಕ ನಡೆದುಕೊಂಡ ರೀತಿಗೆ ಪುರಾವೆ ಹುಡುಕಬೇಕಿಲ್ಲ. ಭಾರಿ ಶಸ್ತ್ರಾಸ್ತ್ರಗಳ ಮೇಲೆ ಹಾಕಿದ್ದ ನಿರ್ಬಂಧವನ್ನು 1970ರಲ್ಲಿ ತೆಗೆದುಹಾಕಿತು. 1971ರಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಅಥೆನ್ಸ್‌ಗೆ ಬಂದು ಕರ್ನಲ್‌ಗಳ ಕೈಕುಲುಕಿದ. ಮರುವರ್ಷ ಅಮೆರಿಕದ ಆರನೆಯ ನೌಕಾಪಡೆಯ ಹಡಗುಗಳಿಗೆ ಅಥೆನ್ಸ್ ಬಳಿ ನೆಲೆ ಸಿಕ್ಕಿತು. ಶೀತಲ ಸಮರದಲ್ಲಿ ಗ್ರೀಸ್‌ನ ಬಂದರು ಬೇಕಿತ್ತು. ಅದನ್ನು ಕೊಟ್ಟವರು ಯಾರು ಎಂಬುದನ್ನು ವಾಷಿಂಗ್ಟನ್ ಕೇಳಲಿಲ್ಲ.

1999ರಲ್ಲಿ ಬಿಲ್ ಕ್ಲಿಂಟನ್ ಅಥೆನ್ಸ್‌ಗೆ ಬಂದಾಗ ಈ ತಪ್ಪನ್ನು ಒಪ್ಪಿಕೊಂಡರು. ಶೀತಲ ಸಮರದ ಹಿತಾಸಕ್ತಿಗೆ ಮಣಿದು, ಪ್ರಜಾಪ್ರಭುತ್ವವನ್ನು ಬೆಂಬಲಿಸುವ ಹೊಣೆಯನ್ನು ಅಮೆರಿಕ ಬಿಟ್ಟುಬಿಟ್ಟಿತು ಎಂಬ ಅರ್ಥದ ಮಾತಾಡಿದರು. ಪ್ರತಿಭಟನೆಯ ಭಯಕ್ಕೆ ಆ ಭೇಟಿಯನ್ನು ನವೆಂಬರ್ 17 ದಾಟಿಸಿ ಹತ್ತೊಂಬತ್ತಕ್ಕೆ ಇಟ್ಟಿದ್ದರು. 2016ರಲ್ಲಿ ಬರಾಕ್ ಒಬಾಮ ನವೆಂಬರ್ 15ಕ್ಕೆ ಬಂದು ಹದಿನಾರಕ್ಕೇ ಬರ್ಲಿನ್‌ಗೆ ಹೊರಟರು.

ಪೊಲೀಸರು ಯಾಕಿಷ್ಟು

ಪ್ರಜಾಪ್ರಭುತ್ವ ಬಂದ ಮೇಲೂ ಈ ದಿನದ ಸ್ಮರಣೆಯಲ್ಲಿ ರಕ್ತ ಹರಿದಿದೆ. 1980ರ ಮೆರವಣಿಗೆ ರಾಯಭಾರ ಕಚೇರಿಯತ್ತ ಹೋಗದಂತೆ ಪೊಲೀಸರು ತಡೆದಾಗ ಒಬ್ಬ ಕಾರ್ಮಿಕ ಮಹಿಳೆ, ಒಬ್ಬ ವಿದ್ಯಾರ್ಥಿ ಸತ್ತರು. 1985ರ ನವೆಂಬರ್ 17ರ ರಾತ್ರಿ ಎಕ್ಸಾರ್ಖಿಯಾ ಬಡಾವಣೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಪೊಲೀಸ್ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದವನು ಮೇಲ್ಮನವಿಯಲ್ಲಿ ಖುಲಾಸೆಯಾದ. 2008ರ ಡಿಸೆಂಬರ್‌ನಲ್ಲಿ ಅದೇ ಬಡಾವಣೆಯಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಹುಡುಗ ಪೊಲೀಸ್ ಗುಂಡಿಗೆ ಸತ್ತಾಗ ಇಡೀ ದೇಶ ವಾರಗಟ್ಟಲೆ ಹೊತ್ತಿ ಉರಿಯಿತು. ಆಗ ಜನ 1985ನ್ನು ಮರೆತಿರಲಿಲ್ಲ.

ಹೀಗಾಗಿ ಒಂದು ಚಕ್ರ ಬಿದ್ದಿದೆ. ಗಲಾಟೆ ಆಗುತ್ತದೆಂದು ಪೊಲೀಸರು ಬರುತ್ತಾರೆ, ಪೊಲೀಸರನ್ನು ಕಂಡು ಯುವಕರ ಗುಂಪು ಪೆಟ್ರೋಲ್ ಬಾಂಬ್ ಎಸೆಯುತ್ತದೆ, ಮುಂದಿನ ವರ್ಷ ಪೊಲೀಸರ ಸಂಖ್ಯೆ ಏರುತ್ತದೆ.

ವಿಶ್ವವಿದ್ಯಾಲಯದೊಳಗೆ ಪೊಲೀಸರು ಕಾಲಿಡಬಹುದೇ ಎಂಬ ಪ್ರಶ್ನೆಯೂ ಇದಕ್ಕೇ ಅಂಟಿಕೊಂಡಿದೆ. ಟ್ಯಾಂಕಿನ ನೆನಪಿನಲ್ಲಿ 1982ರ ಕಾನೂನು ಅದನ್ನು ಹೆಚ್ಚುಕಡಿಮೆ ತಡೆದಿತ್ತು. ಆ ರಕ್ಷಣೆ 2011ರಲ್ಲಿ ಹೋಯಿತು, 2017ರಲ್ಲಿ ಎಡಪಂಥದ ಸರ್ಕಾರ ಮರಳಿ ತಂದಿತು, 2019ರಲ್ಲಿ ಮಿತ್ಸೊಟಾಕಿಸ್ ಸರ್ಕಾರ ಮತ್ತೆ ತೆಗೆಯಿತು. ಕ್ಯಾಂಪಸ್‌ಗಳು ಗೂಂಡಾಗಳ ಅಡ್ಡೆಯಾಗಿದ್ದವು ಎಂದು ಸರ್ಕಾರ ಹೇಳುತ್ತದೆ. ಆ ದೂರಿನಲ್ಲಿ ಹುರುಳಿದೆ. ಆದರೆ ಅದನ್ನು ನವೆಂಬರ್ 17ರ ಸಂಕೇತವನ್ನೇ ಕಿತ್ತುಹಾಕುವ ರೀತಿಯಲ್ಲಿ ಮಾಡಿದ್ದರಿಂದ ಜಗಳ ಭದ್ರತೆಯದಾಗಿ ಉಳಿಯಲಿಲ್ಲ, ಇತಿಹಾಸದ್ದಾಯಿತು. 2020ರಲ್ಲಿ ಕೋವಿಡ್ ಕಾರಣಕ್ಕೆ ನವೆಂಬರ್ 15ರಿಂದ 18ರವರೆಗೆ ದೇಶದೆಲ್ಲೆಡೆ ಗುಂಪು ಸೇರುವುದನ್ನು ನಿಷೇಧಿಸಿದಾಗಲೂ ಇದೇ ಆಯಿತು. ರೋಗ ತಡೆಯುವ ಕ್ರಮವನ್ನು ಎಡಪಕ್ಷಗಳು ಮೆರವಣಿಗೆ ತಡೆಯುವ ಕ್ರಮವೆಂದೇ ಓದಿದವು.

ಮುಂದೇನು

2023ಕ್ಕೆ ದಂಗೆಗೆ ಐವತ್ತು ವರ್ಷ ತುಂಬಿತು. ಅಂದು ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರಲ್ಲಿ ಕೆಲವರು ಮಂತ್ರಿಗಳಾದರು. 2010ರ ಆರ್ಥಿಕ ಕುಸಿತ ಬಂದಾಗ ದೇಶವನ್ನು ಸಾಲದಲ್ಲಿ ಮುಳುಗಿಸಿದ್ದು ಈ ಪಾಲಿಟೆಕ್ನಿಕ್ ಪೀಳಿಗೆಯೇ ಎಂಬ ಸಿಟ್ಟು ಎದ್ದಿತು. ಗೋಲ್ಡನ್ ಡಾನ್ ಎಂಬ ನವನಾಜಿ ಪಕ್ಷ 2012ರಲ್ಲಿ ಸಂಸತ್ತಿಗೆ ಬಂತು. 2020ರಲ್ಲಿ ನ್ಯಾಯಾಲಯ ಅದನ್ನು ಅಪರಾಧ ಸಂಘಟನೆ ಎಂದು ತೀರ್ಮಾನಿಸಿತು. ಆದರೂ 2023ರ ಜೂನ್ ಚುನಾವಣೆಯಲ್ಲಿ ಕಟ್ಟಾ ಬಲಪಂಥದ ಮೂರು ಪಕ್ಷಗಳು ಸಂಸತ್ತು ಸೇರಿದವು. ಕಣ್ಣಾರೆ ಕಂಡವರು ಕಡಿಮೆಯಾದಷ್ಟೂ “ಯಾರೂ ಸಾಯಲಿಲ್ಲ” ಎನ್ನುವವರ ದನಿ ಏರುವ ಸಂಭವ ಜಾಸ್ತಿ.

ಇದರ ಜೊತೆ ಹೊಸ ದಿನಾಂಕವೊಂದು ಹುಟ್ಟಿದೆ. 2023ರ ಫೆಬ್ರುವರಿ 28ರ ರಾತ್ರಿ ಗ್ರೀಸ್‌ನ ಟೆಂಪಿ ಕಣಿವೆಯ ಬಳಿ ಎರಡು ರೈಲುಗಳು ಮುಖಾಮುಖಿ ಗುದ್ದಿ 57 ಮಂದಿ ಸತ್ತರು. ಬಹಳಷ್ಟು ಮಂದಿ ವಿದ್ಯಾರ್ಥಿಗಳು. ಎರಡನೆಯ ವರ್ಷದ ದಿನ, ಅಂದರೆ 2025ರ ಫೆಬ್ರುವರಿ 28ರಂದು, ಲಕ್ಷಾಂತರ ಜನ ಬೀದಿಗಿಳಿದರು. ಯಾವ ಪಕ್ಷಕ್ಕೂ ಸೇರದ ಯುವಕರಿಗೆ ಟ್ಯಾಂಕಿಗಿಂತ ಈ ರೈಲು ಹತ್ತಿರದ ಸಂಗತಿ.

ಸತ್ತವರ ಹೆಸರುಗಳನ್ನು ಸಂಸತ್ತಿನ ಮುಂದೆ, ಅಜ್ಞಾತ ಸೈನಿಕನ ಸ್ಮಾರಕದ ಎದುರಿನ ನೆಲದ ಮೇಲೆ ಕೆಂಪು ಬಣ್ಣದಲ್ಲಿ ಬರೆದರು. 2025ರ ಅಕ್ಟೋಬರ್‌ನಲ್ಲಿ ಸಂಸತ್ತು ಆ ಸ್ಮಾರಕದ ಜಾಗದ ಹೊಣೆಯನ್ನು ರಕ್ಷಣಾ ಸಚಿವಾಲಯಕ್ಕೆ ಕೊಟ್ಟು, ಅಲ್ಲಿ ಪ್ರತಿಭಟನೆಯನ್ನು ನಿಷೇಧಿಸಿತು. ಸ್ಮಾರಕದ ಗೌರವ ಉಳಿಸಲು ಎಂದು ಸರ್ಕಾರ ಹೇಳಿತು. ಅಪಘಾತದ ನೆನಪು ಸಂಸತ್ತಿನ ಬಾಗಿಲಲ್ಲಿ ಉಳಿಯಬಾರದು ಎಂಬುದೇ ಉದ್ದೇಶ ಎಂದು ವಿರೋಧಿಗಳು ಹೇಳಿದರು.

ಪಾಲಿಟೆಕ್ನಿಕ್‌ನ ಮುರಿದ ಗೇಟನ್ನು ಆವರಣದಲ್ಲೇ ಕಾಪಾಡಿ ಇಟ್ಟುಕೊಂಡಿರುವ ದೇಶ ಅದು. ಕೆಂಪು ಬಣ್ಣದ ಹೆಸರುಗಳ ವಿಷಯದಲ್ಲಿ ಸರ್ಕಾರ ಮುಂದೆ ಏನು ಮಾಡುತ್ತದೆ ಎಂಬುದರ ಮೇಲೆ, ಫೆಬ್ರುವರಿ 28 ಎಲ್ಲರೂ ಸೇರಿ ನೆನೆಯುವ ದಿನವಾಗುತ್ತದೋ ಅಥವಾ ಐದು ಸಾವಿರ ಪೊಲೀಸರು ಬೇಕಾಗುವ ಇನ್ನೊಂದು ದಿನವಾಗುತ್ತದೋ ಎಂಬುದು ನಿಂತಿದೆ.